ಗೋಡೆಯ ಕಡೆಗಿನ ಹೆಸರು

ಆರ್ಟೆಮಿಸ್ ದೇವಿಯ ಗುಡಿಯ ಅಂಗಳದಲ್ಲಿ, ಉತ್ತರದ ಗೋಡೆಗುಂಟ, ಊರಿಗೆ ಉಪಕಾರ ಮಾಡಿದ ಹಿರಿಯರು ಕಲ್ಲಾಗಿ ಸಾಲಿಗೆ ನಿಂತಿದ್ದಾರೆ. ಅವರ ಬೆನ್ನಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ತೂರಿಕೊಂಡು ಹೋಗುವಷ್ಟು ಸಂದು. ಅಲ್ಲಿ ಬೆಕ್ಕುಗಳು ಮರಿ ಹಾಕುತ್ತವೆ, ಇನ್ನಾರೂ ಹೋಗುವುದಿಲ್ಲ.

ವಸಂತದ ಹಬ್ಬದ ದಿನ ಸಾರುವ ಕೆಲಸದ ಜೋಸಿಮೊಸ್ ಒಂದೊಂದೇ ಪೀಠದ ಮುಂದೆ ನಿಂತು, ಅದರ ಮೇಲೆ ಕೊರೆದ ಬರಹವನ್ನು ಇಡೀ ಅಂಗಳಕ್ಕೆ ಕೇಳುವಂತೆ ಓದುತ್ತಾನೆ. ಓದು ಮುಗಿದ ಮೇಲೆ ಆ ಮನೆಯವರು ಮುಂದೆ ಬಂದು ಆಲಿವ್ ಚಿಗುರಿನ ಮಾಲೆ ಹಾಕಬೇಕು. ಆಮೇಲೆ ಸ್ತುತಿಯವರು ಒಂದು ಪದ್ಯ ಹಾಡಬೇಕು. ಆಮೇಲೆ ಮುಂದಿನ ಕಲ್ಲು. ಹೆಸರಿಲ್ಲದ ಕಲ್ಲಿನ ಮುಂದೆ ಜೋಸಿಮೊಸ್ ನಿಲ್ಲುವುದಿಲ್ಲ. ಅವನು ನಿಲ್ಲದ ಕಡೆ ಮಾಲೆಯೂ ಇಲ್ಲ, ಪದ್ಯವೂ ಇಲ್ಲ.

ನಾನು ಆ ಸ್ತುತಿಯವರಲ್ಲಿ ಒಬ್ಬ. ನಮ್ಮಪ್ಪನೂ ಅದನ್ನೇ ಹಾಡಿದವನು. ಓದು ಬರಹಕ್ಕೆ ಮುಂಚೆಯೇ ನನಗೆ ದೇವಿಯ ಪದ್ಯಗಳೂ ಆ ಕಲ್ಲುಗಳ ಮೇಲಿನ ಮಾತುಗಳೂ ಕಿವಿಯಿಂದಲೇ ಬಂದಿದ್ದವು. ಯಾವುದು ಪದ್ಯ, ಯಾವುದು ಬರಹ ಅನ್ನುವ ಭೇದ ಬಹಳ ದಿನ ನನಗೆ ಗೊತ್ತಿರಲಿಲ್ಲ. ಅದರಲ್ಲೂ ಮೆನಿಪ್ಪೊಸನ ಕಲ್ಲಿನ ಮಾತು ಹಾಡಿನ ಹಾಗೇ ಇತ್ತು:

‘ಜನರು ಮೆನಿಪ್ಪೊಸನನ್ನು, ಯಾಸೊನನ ಮಗನನ್ನು, ಚಳಿಗಾಲದ ಕಡಲು ದಾಟಿ ರೋಮಿಗೆ ಹೋದವನನ್ನು, ನಮ್ಮ ಹಿರಿಯರ ಕಟ್ಟಳೆ ನಮಗೇ ಉಳಿಯುವಂತೆ ಕೇಳಿ ತಂದವನನ್ನು, ಅವನ ಒಳ್ಳೆಯತನಕ್ಕಾಗಿ ಗೌರವಿಸಿದರು.’

ಈ ಮಾತು ಮುಗಿದಾಗ ಮಾಲೆ ಹಿಡಿದು ಬರುತ್ತಿದ್ದವಳು ಅಮ್ಮಿಯಾ, ನನ್ನ ತಮ್ಮನ ಹೆಂಡತಿ. ತಮ್ಮ ಜ್ವರದಲ್ಲಿ ಹೋದ. ಮಕ್ಕಳಾಗಿರಲಿಲ್ಲ. ಮೆನಿಪ್ಪೊಸ್ ಅವಳ ತವರಿನ ಹಿರಿಯ, ಆ ತವರಿನಲ್ಲಿ ಉಳಿದವಳೂ ಅವಳೊಬ್ಬಳೇ. ಮಗ್ಗವೊಂದು, ಅಂಜೂರದ ಮರವೊಂದು, ಗುಡಿಯ ಅಂಗಳದಲ್ಲಿ ಆ ಅಜ್ಜ. ಅವಳ ಪಾಲಿಗೆ ಇದ್ದದ್ದು ಇಷ್ಟು.

ಅಜ್ಜನ ಮೂಗು ಉದ್ದ, ನಡುವೆ ಸ್ವಲ್ಪ ಉಬ್ಬು. ಅಮ್ಮಿಯಾಳದೂ ಹಾಗೆಯೇ. ಸಣ್ಣವಳಿದ್ದಾಗ ಅದಕ್ಕಾಗಿ ಓರಗೆಯ ಹುಡುಗಿಯರಿಂದ ಅನ್ನಿಸಿಕೊಂಡಿದ್ದಳು. ದೊಡ್ಡವಳಾದ ಮೇಲೆ ಅದನ್ನೇ ಎತ್ತಿಕೊಂಡು ನಡೆದಳು. ಹಬ್ಬದ ಹಿಂದಿನ ದಿನ ಅವಳು ಆ ಪೀಠವನ್ನು ನೀರಿನಿಂದ ತೊಳೆದು, ಎಣ್ಣೆ ಸವರುವುದನ್ನು ನಾನು ಪ್ರತಿ ವರ್ಷ ನೋಡಿದ್ದೇನೆ. ಹೆಸರಿನ ಸಾಲು ಇದ್ದ ಜಾಗ ಸುತ್ತಲಿನ ಕಲ್ಲಿಗಿಂತ ಸ್ವಲ್ಪ ತಗ್ಗು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನೀರು ಅಲ್ಲಿ ಒಂದು ಗಳಿಗೆ ನಿಂತು ಜಾರುತ್ತಿತ್ತು.

“ನಮ್ಮ ಮನೆ ಹೆಂಗಸರ ಕೈ ಭಾವ ಇದು,” ಅಂತಿದ್ದಳು. “ತೊಳೆದೂ ತೊಳೆದೂ ಕಲ್ಲೇ ಸವೆದಿದೆ ನೋಡಿ. ಬೇರೆ ಯಾರ ಅಜ್ಜನಿಗಾದ್ರೂ ಹಿಂಗಿದೆಯಾ?”

ಬೇರೆ ಯಾರ ಅಜ್ಜನಿಗೂ ಇರಲಿಲ್ಲ.

ಆ ವರ್ಷ ಚಳಿ ಇಳಿಯುತ್ತಿದ್ದ ಹೊತ್ತಿಗೆ ಊರಿನ ಕಾರ್ಯದರ್ಶಿ ಅಮ್ಮಿಯಾಳ ಮನೆಗೆ ಬಂದ. ಟೈಟಸ್ ಫ್ಲಾವಿಯಸ್ ಪಾಪಿಯಾಸ್. ಅವನ ಅಪ್ಪನ ಕಾಲಕ್ಕೆ ರೋಮಿನ ಪೌರತ್ವ ಸಿಕ್ಕಿತ್ತು. ಅದರ ಜೊತೆಗೆ ಚಕ್ರವರ್ತಿಯ ಮನೆಯ ಎರಡು ಹೆಸರೂ ಬಂದಿದ್ದವು. ಒಳ್ಳೆಯ ಮನುಷ್ಯ, ನನ್ನ ಜೊತೆ ವ್ಯಾಯಾಮಶಾಲೆಯಲ್ಲಿ ಕುಸ್ತಿಯಾಡಿ ಮಣ್ಣು ಮೆತ್ತಿಕೊಂಡವನು. ನಾನು ಅಂಜೂರದ ಮರದ ಕೆಳಗೆ ಕೂತು ಮಗ್ಗದ ಭಾರದ ಗುಂಡುಗಳಿಗೆ ದಾರ ಕಟ್ಟುತ್ತಿದ್ದೆ.

“ಬನ್ನಿ ಪಾಪಿಯಾಸ್ ಅವ್ರೇ,” ಅಮ್ಮಿಯಾ ಅಂದಳು. “ಮೂರು ಹೆಸರಿಗೂ ಬೇರೆ ಬೇರೆ ಮಣೆ ಹಾಕ್ಲೋ, ಒಂದೇ ಸಾಕೋ?”

“ಒಂದೇ ಸಾಕಮ್ಮ. ಎರಡನ್ನ ಮನೇಲೇ ಬಿಟ್ಟು ಬಂದಿದೀನಿ,” ಎಂದು ನಗುತ್ತ ಕೂತ. ಅವಳು ನೀರು ಬೆರೆಸಿದ ದ್ರಾಕ್ಷಾರಸ, ಒಣ ಅಂಜೂರ, ಮೇಕೆಯ ಗಿಣ್ಣು ತಂದಿಟ್ಟಳು. ಪಾಪಿಯಾಸ್ ಗಿಣ್ಣನ್ನು ಹೊಗಳಿದ. ಅಂಜೂರವನ್ನೂ ಹೊಗಳಿದ. ಮಗ್ಗದ ಬಟ್ಟೆಯನ್ನು ಹೊಗಳಲು ಶುರು ಮಾಡಿದಾಗ ಅಮ್ಮಿಯಾ ಕೈ ಒರೆಸಿಕೊಂಡು ಎದುರಿಗೆ ಕೂತಳು.

“ಏನು ಕೆಟ್ಟ ಸುದ್ದಿ? ಹೇಳಿಬಿಡಿ.”

ಹೇಳಿದ. ಪ್ರಾಂತ್ಯದ ಹೊಸ ರೋಮನ್ ಅಧಿಪತಿ ಹಬ್ಬಕ್ಕೆ ಸ್ವಲ್ಪ ಮುಂಚೆ ನಮ್ಮೂರಿಗೆ ಬರುವವನಿದ್ದ. ಮೇಲಿನ ಬುಗ್ಗೆಯ ನೀರು ನಮ್ಮದೋ ಪಕ್ಕದ ಊರಿನದೋ ಎಂಬ ತಕರಾರು ಅವನ ಮುಂದಿತ್ತು. ಪಕ್ಕದ ಊರಿನವರು ಆಗಲೇ ಅವನ ಮೂರ್ತಿ ನಿಲ್ಲಿಸಿದ್ದರು. ಅವನು ಬರುವಷ್ಟರಲ್ಲಿ ನಮ್ಮಲ್ಲೂ ಒಂದು ನಿಲ್ಲಬೇಕು. ಹೊಸದನ್ನು ಕೆತ್ತಿಸುವಷ್ಟು ಸಮಯವಿಲ್ಲ, ಊರಿನ ಖಜಾನೆಯಲ್ಲಿ ಗಾಳಿ ಆಡುತ್ತಿದೆ. ಎಲ್ಲ ಊರುಗಳೂ ಮಾಡುವುದನ್ನೇ ನಾವೂ ಮಾಡಬೇಕು. ಇರುವ ಮೂರ್ತಿಯ ಪೀಠದಲ್ಲಿ ಹಳೆಯ ಹೆಸರು ತೆಗೆದು ಅಧಿಪತಿಯ ಹೆಸರು ಕೊರೆಸುವುದು.

“ಯಾರ ಹೆಸರು ತೆಗೀತೀರಿ?” ಅಮ್ಮಿಯಾ ಕೇಳಿದಳು. ಅವಳಿಗೆ ಗೊತ್ತಾಗಿತ್ತು.

“ಮೂರ್ತಿ ಎಲ್ಲೂ ಹೋಗಲ್ಲಮ್ಮ. ಅಲ್ಲೇ ಇರತ್ತೆ. ಬರೀ ಹೆಸರು.”

“ಬರೀ ಹೆಸರು.”

“ಬೇರೆ ಮನೆಗಳಲ್ಲಿ...” ಪಾಪಿಯಾಸ್ ಬಟ್ಟಲನ್ನು ನೋಡಿದ. “ಗಂಡು ಮಕ್ಕಳಿದಾರೆ. ಮುಂದೆ ಮಾಲೆ ಹಾಕೋರಿದಾರೆ. ನಿಮ್ಮಲ್ಲಿ, ನೀವಾದ ಮೇಲೆ...”

“ನಾನಾದ ಮೇಲಲ್ವಾ? ಇನ್ನೂ ಇದೀನಲ್ಲ,” ಅಂದಳು ಅಮ್ಮಿಯಾ. “ಗಿಣ್ಣು ಮುಗಿಸಿ, ಬಿಡಬೇಡಿ.”

ಅವನು ಹೋದ ಮೇಲೆ ಅವಳು ಅಳಲಿಲ್ಲ. ನನ್ನ ಕೈಯಿಂದ ದಾರ ಕಸಿದುಕೊಂಡಳು. “ಭಾವ, ಸಭೆಯಲ್ಲಿ ನೀವು ಮಾತಾಡಬೇಕು. ನಂಗೆ ಅಲ್ಲಿ ಬಾಯಿಲ್ಲ.”

“ನಂಗೂ ಇಲ್ಲ ಮಾರಾಯ್ತಿ. ನಾನು ಹಾಡೋನು. ಅದೂ ಹನ್ನೆರಡು ಜನರ ಜೊತೆ.”

“ಹಂಗಾದ್ರೆ ಹಾಡಿ. ಆ ಕಲ್ಲಿನ ಮಾತು ನಿಮಗೆ ಬಾಯಿಪಾಠ ಇದೆಯಲ್ಲ.”

ಸಭಾಮಂದಿರದ ಕಲ್ಲಿನ ಮೆಟ್ಟಿಲುಗಳ ಮೇಲೆ ಕೂತವರೆಲ್ಲ ನನಗೆ ಪರಿಚಿತರೇ. ಎದ್ದು ನಿಂತೆ. ದೇವಿಯನ್ನು ನೆನೆದು, ಕಣ್ಣು ಮುಚ್ಚಿ, ಮೆನಿಪ್ಪೊಸನ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಸಭೆ ಸುಮ್ಮನೆ ಕೇಳಿತು. ಬಾಗಿಲ ಹೊರಗೆ ಅಮ್ಮಿಯಾಳ ಸೆರಗು ಕಾಣುತ್ತಿತ್ತು.

“ನಮ್ಮ ಕಟ್ಟಳೆ ನಮಗೆ ಉಳಿಸಿಕೊಟ್ಟ ಮನುಷ್ಯ,” ಎಂದೆ. “ಅವನು ಅವತ್ತು ಕಡಲು ದಾಟದಿದ್ದರೆ ಇವತ್ತು ಈ ಸಭೆಯೇ ಇರ್ತಿರಲಿಲ್ಲ. ಅವನು ಉಳಿಸಿದ ಸಭೆಯಲ್ಲೇ ಕೂತು ಅವನ ಹೆಸರು ಅಳಿಸೋದಾ?”

ಹಿಂದಿನ ಮೆಟ್ಟಿಲಿನಿಂದ ಯಾರೋ “ಸರಿಯಾಗಿ ಹೇಳಿದ” ಅಂದರು. ಎಣ್ಣೆ ವ್ಯಾಪಾರಿ ಫಿಲಿನೊಸ್ ಕೂಗಿದ: “ಅಧಿಪತಿಗೆ ಗಡ್ಡ ಇಲ್ವಂತೆ! ನಮ್ಮ ಅಜ್ಜನಿಗೆ ಎದೆವರೆಗೆ ಇದೆ. ಕಲ್ಲುಕುಟಿಗನ ಜೊತೆ ಕ್ಷೌರದವನನ್ನೂ ಕರೆಸಿ!”

ನಗು ಎದ್ದಿತು. ಪಾಪಿಯಾಸ್ ನಗು ಇಳಿಯುವವರೆಗೆ ಕಾದು ಎದ್ದು ನಿಂತ.

“ಮೊಸ್ಕಿಯೊನ್, ನೀನು ಹೇಳಿದ್ದೆಲ್ಲ ನಿಜ. ಮೆನಿಪ್ಪೊಸ್ ರೋಮಿಗೆ ಹೋಗಿ ಏನು ಮಾಡಿದ? ಕೈ ಮುಗಿದು ನಿಂತ. ಹೊಗಳಿದ. ಬೇಡಿದ. ಊರಿಗೆ ಬೇಕಾದ್ದು ತಂದ. ಈಗ ರೋಮೇ ನಮ್ಮೂರಿಗೆ ಬರ್ತಾ ಇದೆ. ನಾವೂ ಅದೇ ಕೆಲಸ ಮಾಡ್ತಿದೀವಿ, ಕಲ್ಲಲ್ಲಿ. ಆ ಅಜ್ಜ ಬದುಕಿದ್ದಿದ್ದರೆ ‘ನನ್ನ ಹೆಸರು ತೆಗೀರಿ, ನೀರು ಉಳಿಸಿಕೊಳ್ಳಿ’ ಅಂತಿದ್ದ. ಅಂತಿರಲಿಲ್ವಾ?”

ಬಾಗಿಲ ಕಡೆ ನೋಡಿದೆ. ಏನಾದರೂ ಹೇಳಲೇಬೇಕಾಗಿತ್ತು. ಅಮ್ಮಿಯಾ ಯಾವಾಗಲೂ ಹೇಳುತ್ತಿದ್ದುದನ್ನೇ ಹೇಳಿಬಿಟ್ಟೆ.

“ಅದು ಬರೀ ಕಲ್ಲಲ್ಲ. ಆ ಮನೆಯ ಹೆಂಗಸರು ತಲೆಮಾರುಗಳಿಂದ ತೊಳೆದು ತೊಳೆದು ಹೆಸರಿನ ಜಾಗ ತಗ್ಗು ಬಿದ್ದಿದೆ. ಅಷ್ಟು ಭಕ್ತಿಯ ಮೇಲೆ ಉಳಿ ಇಡೋದು ದೇವಿಗೆ ಅಪಚಾರ.”

ದೇವಿಯ ಹೆಸರು ಬಂದ ಕೂಡಲೇ ಸಭೆ ಗಂಭೀರವಾಯಿತು. ಪಾಪಿಯಾಸ್ ಮಾತ್ರ ಹುಬ್ಬು ಗಂಟು ಹಾಕಿದ.

“ತಗ್ಗು? ಎಲ್ಲಿ?”

“ಹೆಸರಿನ ಸಾಲಿನಲ್ಲೇ.”

“ಬರೀ ಆ ಸಾಲಿನಲ್ಲಿ?”

“ಹೌದು.”

ಅವನು ಮೇಲುಹೊದಿಕೆಯನ್ನು ಹೆಗಲಿಗೆ ಎಳೆದುಕೊಂಡ. “ನಡೀರಿ, ನೋಡಿಕೊಂಡೇ ಬರೋಣ.”

ಸಭೆಗೆ ಸಭೆಯೇ ಗುಡಿಯ ಅಂಗಳಕ್ಕೆ ಬಂತು. ಬಿಸಿಲು ಪಡುವಣದಿಂದ ಓರೆಯಾಗಿ ಗೋಡೆಗುಂಟ ಬೀಳುತ್ತಿತ್ತು. ಅಮ್ಮಿಯಾ ನಮಗಿಂತ ಮುಂಚೆ ಹೋಗಿ ಪೀಠದ ಪಕ್ಕ ನಿಂತಿದ್ದಳು, ಮನೆಗೆ ನೆಂಟರು ಬಂದಾಗ ಬಾಗಿಲಲ್ಲಿ ನಿಲ್ಲುವ ಹಾಗೆ. ಪಾಪಿಯಾಸ್ ತೊಟ್ಟಿಯಿಂದ ಒಂದು ತಂಬಿಗೆ ನೀರು ತಂದು ಕಲ್ಲಿನ ಮೇಲೆ ಸುರಿದ. ನೀರು ಹೆಸರಿನ ಸಾಲಿನಲ್ಲಿ ನಿಂತಿತು. ಅವನು ತಗ್ಗಿನ ಅಂಚಿನಲ್ಲಿ ಬೆರಳು ಆಡಿಸಿದ, ಆ ತುದಿಯಿಂದ ಈ ತುದಿಗೆ. ಅವನ ಮುಖ ಬದಲಾಯಿತು. ಗೆದ್ದವನ ಮುಖವಲ್ಲ ಅದು. ಹೇಳದೆ ಇದ್ದರೆ ಒಳ್ಳೆಯದಿತ್ತು ಅನ್ನುವ ಮುಖ.

“ಹೇಳಿ,” ಅಂದಳು ಅಮ್ಮಿಯಾ.

“ಕೈ ಸವೆಸಿದ ತಗ್ಗಿಗೆ ಅಂಚು ಇರಲ್ಲಮ್ಮ. ಬಟ್ಟಲಿನ ಹಾಗೆ ಇಳಿಜಾರಾಗಿರತ್ತೆ. ಇದು ನೇರ ಇದೆ. ಗೆರೆ ಎಳೆದ ಹಾಗಿದೆ.” ಅವನು ಪಕ್ಕದ ಪೀಠ ತೋರಿಸಿದ. ಕೊಲೆಯಾದ ಚಕ್ರವರ್ತಿಯ ಹೆಸರು ಎಲ್ಲೂ ಉಳಿಯಕೂಡದೆಂದು ರೋಮಿನಿಂದ ಅಪ್ಪಣೆ ಬಂದಾಗ ಆ ಕಲ್ಲಿನ ಒಂದು ಸಾಲನ್ನು ಅವನೇ ನಿಂತು ಹೊಡೆಸಿದ್ದ. ಅದೇ ತಗ್ಗು. ಅದೇ ನೇರ ಅಂಚು. “ಇಲ್ಲಿ ಮುಂಚೆ ಬೇರೆ ಯಾರದೋ ಹೆಸರಿತ್ತು. ಅದನ್ನ ಹೊಡೆದು ನಿಮ್ಮ ಅಜ್ಜನದು ಬರೆದಿದಾರೆ.”

ಫಿಲಿನೊಸ್ ಬಗ್ಗಿ, ಕೆನ್ನೆಯನ್ನು ಕಲ್ಲಿಗೆ ಹಚ್ಚಿ ನೋಡಿದ. ಓರೆ ಬಿಸಿಲಿಗೆ ಸಾಲಿನ ಕೊನೆಯಲ್ಲಿ, ಉಳಿ ಹಗುರಾಗಿ ಹೋದ ಕಡೆ, ಕೂದಲೆಳೆಯಂಥ ಎರಡು ಮೂರು ಗೆರೆಗಳು ಎದ್ದವು. ಒಂದು ಕವಲು. ಅರ್ಧ ಚಂದ್ರ. ನಮ್ಮ ಅಕ್ಷರವಲ್ಲ. ಗುಡ್ಡದ ಮೇಲಿನ ಹಳೆಯ ಗೋರಿಗಳ ಬಾಗಿಲಿನಲ್ಲಿ ಅಂಥವು ಇವೆ. ಮೇಕೆ ಕಾಯುವವರು ಅವನ್ನು ಹಕ್ಕಿ ಹೆಜ್ಜೆ ಅನ್ನುತ್ತಾರೆ. ಗ್ರೀಕರು ಈ ನೆಲಕ್ಕೆ ಬರುವ ಮುಂಚಿನ ಕಾರಿಯದ ಜನರ ಬರಹ. ಓದಬಲ್ಲವರು ಯಾರೂ ಬದುಕಿಲ್ಲ.

“ಅಯ್ಯೋ,” ಫಿಲಿನೊಸ್ ನೆಟ್ಟಗಾದ. “ಗ್ರೀಕರ ಅಜ್ಜ ಕಾರಿಯದವನ ಹೆಗಲ ಮೇಲೆ ಕೂತಿದಾನೆ! ಹಂಗಾದ್ರೆ ಗಡ್ಡ ಯಾರದು? ಆ ಮೂಗು ಯಾರದಮ್ಮ?”

ಈ ಸಲದ ನಗು ಸಭೆಯ ಒಳಗಿನ ನಗುವಿನಂತೆ ಇರಲಿಲ್ಲ. ಅಮ್ಮಿಯಾ ಮೂಗನ್ನು ಸೆರಗಿನಿಂದ ಮುಚ್ಚಿಕೊಳ್ಳಲಿಲ್ಲ. ತಂಬಿಗೆಯನ್ನು ಪಾಪಿಯಾಸನ ಕೈಯಿಂದ ತೆಗೆದುಕೊಂಡು ತೊಟ್ಟಿಯ ಪಕ್ಕ ಅದರ ಜಾಗದಲ್ಲಿ ಇಟ್ಟು, ಮನೆಯ ದಾರಿ ಹಿಡಿದಳು.

ಸಭೆಯ ತೀರ್ಮಾನ ಅಲ್ಲಿಯೇ, ನಿಂತಲ್ಲಿಯೇ ಆಯಿತು. ಒಂದು ಸಲ ಹೊಡೆದ ಕಲ್ಲನ್ನು ಇನ್ನೊಂದು ಸಲ ಹೊಡೆಯುವುದರಲ್ಲಿ ಅಪಚಾರವೇನೂ ಇಲ್ಲ.

ಮರುದಿನ ಬೆಳಿಗ್ಗೆ ಹೋದರೆ ಮಗ್ಗ ನಿಂತಿತ್ತು, ಅವಳು ಇರಲಿಲ್ಲ. ಗುಡಿಯಲ್ಲಿ ಸಿಕ್ಕಳು. ಪೀಠವನ್ನು ತೊಳೆಯುತ್ತಿದ್ದಳು.

“ಹಬ್ಬಕ್ಕೆ ಇನ್ನೂ ದಿನ ಇದೆ,” ಎಂದೆ. ಆ ತಗ್ಗಿನ ಮಾತು ಸಭೆಯಲ್ಲಿ ಎತ್ತಿದವನು ನಾನು. ಅವಳು ಅದನ್ನು ಒಂದು ಸಲವೂ ಎತ್ತಲಿಲ್ಲ.

“ನಮ್ಮಜ್ಜಿ ಇದನ್ನ ತೊಳೆಯೋವಾಗ ಮೊದಲ ನೀರನ್ನ ತಗ್ಗಿಗೆ ಹಾಕಿ ಒಂದು ಮಾತು ಅಂತಿದ್ಲು ಭಾವ. ನಂಗೆ ಗೊತ್ತಿಲ್ಲದ ಮಾತು. ನೀರಿಗೇನೋ ಅಂತಾಳೆ ಅಂದ್ಕೊಂಡಿದ್ದೆ. ಕೇಳಿದ್ರೆ ‘ನಮ್ಮಜ್ಜಿ ಅಂತಿದ್ಲು, ನಾನೂ ಅಂತೀನಿ’ ಅಂತಿದ್ಲು.”

“ಏನು ಮಾತು?”

ಅವಳು ಹೇಳಿದಳು. ಎರಡೇ ಉಚ್ಚಾರ, ಗಂಟಲಿನಲ್ಲಿ ಹುಟ್ಟುವಂಥವು. ನಾನು ಪದ್ಯ ಕೇಳಿ ಬೆಳೆದವನು, ಕೇಳಿದ್ದು ಮರೆಯುವುದಿಲ್ಲ. ಆದರೆ ಅದನ್ನು ಗ್ರೀಕ್ ಅಕ್ಷರದಲ್ಲಿ ಬರೆಯಲು ನನಗೆ ಆಗದು. ಅದು ಹೆಸರೋ, ನೀರೋ, ಕ್ಷಮೆ ಕೇಳುವ ಮಾತೋ, ದೇವಿಗೇ ಗೊತ್ತು.

“ಮೂಗು ನನ್ನದೇ,” ಅಂದಳು ತಲೆ ಎತ್ತಿ ಮೂರ್ತಿಯನ್ನು ನೋಡುತ್ತ. “ಅದು ಮೆನಿಪ್ಪೊಸನದಾಗಿರಲಿ, ಕೆಳಗಿನವನದಾಗಿರಲಿ. ಕೆಳಗಿನವನೂ ನಮ್ಮವನೇ ಇರಬಹುದು. ಮೊಮ್ಮಗ ಗ್ರೀಕ್ ಹೆಸರು ಇಟ್ಕೊಂಡು ಅಜ್ಜನ ಕಲ್ಲನ್ನೇ ತಗೊಂಡಿರಬಹುದು. ಪಾಪಿಯಾಸನ ಅಪ್ಪ ರೋಮಿನ ಹೆಸರು ಇಟ್ಕೊಂಡ ಹಾಗೆ.”

“ಇರಬಹುದು.”

“ಇಲ್ಲದೇನೂ ಇರಬಹುದು. ಯಾವನೋ ಪಾಪದವನು, ನನ್ನ ಹಾಗೆ ಹಿಂದೆ ಮುಂದೆ ಯಾರೂ ಇಲ್ಲದವನು, ಅವನದನ್ನ ನಮ್ಮವರು ಕಿತ್ತುಕೊಂಡಿರಬಹುದು.” ಬಟ್ಟೆಯನ್ನು ಹಿಂಡಿದಳು. “ರಾತ್ರಿಯೆಲ್ಲ ಇದೇ. ಅವನ ಮನೆಯವರು ಬಂದು ಯಾರ ಹತ್ರ ಕೂಗಾಡಿದ್ರೋ? ಯಾರು ಕೇಳಿದ್ರೋ?”

ಆಮೇಲೆ ಅವಳು ಬೆರಳನ್ನು ತಗ್ಗಿನೊಳಗೆ ಇಟ್ಟು ಎಷ್ಟು ಆಳ ಎಂದು ನೋಡಿದಳು. ಅರ್ಧ ಉಗುರು. ಬೆರಳನ್ನು ತೆಗೆದು, ಉಗುರನ್ನು ನೋಡಿ, ಮತ್ತೆ ಇಟ್ಟಳು. ಪೀಠದ ಪಕ್ಕಕ್ಕೆ ಸರಿದು, ಸಂದಿನೊಳಗೆ ತೂರಿದಳು. ಒಳಗಿನಿಂದ ಬೆಕ್ಕೊಂದು ಬೈದುಕೊಳ್ಳುತ್ತ ಹೊರಗೆ ಓಡಿತು. ಅಂಗೈಯಿಂದ ಕಲ್ಲನ್ನು ತಟ್ಟುವ ಸದ್ದು ಕೇಳಿತು.

“ಭಾವ,” ಸಂದಿನಿಂದ ಅವಳ ದನಿ. “ಪಾಪಿಯಾಸ್ ಮನೇಲಿರ್ತಾರಾ ಈಗ?”

ಪಾಪಿಯಾಸ್ ಮನೆಯಲ್ಲಿ ಬಾರ್ಲಿ ಗಂಜಿ ಕುಡಿಯುತ್ತಿದ್ದ. ನಮ್ಮನ್ನು ಕಂಡು ಬಟ್ಟಲನ್ನು ಕೆಳಗಿಟ್ಟ.

“ನೋಡಮ್ಮ, ನಿನ್ನೆ ಆ ಫಿಲಿನೊಸ್ ಹಾಗೆ ಅನ್ನಬಾರದಿತ್ತು.”

“ಅಂದ, ಆಯ್ತು. ನಿಮ್ಮ ಕೊನೇ ಹೆಸರು ಯಾವ ಭಾಷೇದು ಪಾಪಿಯಾಸ್ ಅವ್ರೇ? ಗ್ರೀಕಾ, ರೋಮಾ?”

ಅವನು ಗಡ್ಡದೊಳಗೆ ನಕ್ಕ. “ಎರಡೂ ಅಲ್ಲ. ಗುಡ್ಡದ ಕಡೇದು. ನಮ್ಮಜ್ಜ ಇಟ್ಟಿದ್ದು.”

“ಒಳ್ಳೇದಾಯ್ತು. ನಾನು ಜಗಳಕ್ಕೆ ಬಂದಿಲ್ಲ. ಊರಿನ ಮರ್ಯಾದೆ ವಿಷಯ ಬಂದಿದೀನಿ.” ಮಣೆ ಕೊಡುವವರೆಗೆ ಕಾಯದೆ ಕೂತಳು. “ಈ ಅಧಿಪತಿ ಎಷ್ಟೋ ಊರು ನೋಡಿರೋರು ತಾನೇ? ಎಷ್ಟೋ ಊರು ಇವರಿಗೆ ಕಲ್ಲು ನಿಲ್ಲಿಸಿದಾವೆ. ಹೊಡೆದ ಸಾಲು ಹೆಂಗಿರತ್ತೆ ಅಂತ ಅವರಿಗೆ ಗೊತ್ತಿರಲ್ವಾ?”

ಪಾಪಿಯಾಸ್ ಬಟ್ಟಲಿನ ಅಂಚನ್ನು ಬೆರಳಿನಿಂದ ಒರೆಸಿದ.

“ನಿನ್ನೆ ನೀವು ಒಂದು ತಂಬಿಗೆ ನೀರಲ್ಲಿ ಕಂಡುಹಿಡಿದ್ರಿ. ಅದು ಒಂದೇ ಸಲ ಹೊಡೆದ ತಗ್ಗು. ಇನ್ನೊಂದು ಸಲ ಹೊಡೆದ್ರೆ ಎಷ್ಟಾಗತ್ತೆ? ಹಂದಿ ನೀರು ಕುಡಿಯೋ ತೊಟ್ಟಿ ಆಗತ್ತೆ. ಅದರೊಳಗೆ ಅವರ ಹೆಸರು. ಪಕ್ಕದ ಊರಿನವರು ಬಂದು ನೋಡಲ್ವಾ? ಅವರ ಬಾಯಿಗೆ ಬೀಗ ಹಾಕ್ತೀರಾ? ‘ಸ್ವಾಮಿ, ಇವರು ನಿಮಗೆ ಕೊಟ್ಟಿದ್ದು ಮೂರನೇ ಕೈ ಕಲ್ಲು’ ಅಂತ ಅವರು ಅಂದ್ರೆ ನೀರು ಯಾವ ಕಡೆ ಹರಿಯತ್ತೆ?”

ಪಾಪಿಯಾಸ್ ಗಂಜಿಯ ಬಟ್ಟಲನ್ನು ಇನ್ನೂ ದೂರ ಸರಿಸಿದ. “ಬೇರೆ ಪೀಠ ಇಲ್ಲವಲ್ಲಮ್ಮ.”

“ಬೇರೆ ಯಾಕೆ? ಅದನ್ನೇ ತಿರುಗಿಸಿ. ಹಿಂದಿನ ಮುಖ ಗಟ್ಟಿ ಇದೆ, ತಟ್ಟಿ ನೋಡಿದೀನಿ. ಅದರ ಮೇಲೆ ಯಾರೂ ಏನೂ ಬರೆದಿಲ್ಲ. ಸ್ವಲ್ಪ ನಯ ಮಾಡಿದ್ರೆ ಹೊಸ ಕಲ್ಲೇ. ಮೇಲೆ ಮೂರ್ತಿಯ ಪಾದ ಕೂರೋ ಗುಳಿ ಚೌಕ ಇದೆ, ಯಾವ ಕಡೆಯಿಂದ ಕೂರಿಸಿದ್ರೂ ಕೂರತ್ತೆ. ಮೂರ್ತಿ ಅಂಗಳದ ಕಡೇನೇ ನೋಡ್ಲಿ. ಅಧಿಪತಿ ಹೆಸರು ಮುಂದೆ. ನಮ್ಮಜ್ಜ ಗೋಡೆ ಕಡೆಗೆ.”

ಅವನು ಅವಳನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. “ಏನಯ್ಯಾ ಮೊಸ್ಕಿಯೊನ್, ನಿನ್ನೆ ಇವಳನ್ನೇ ಸಭೆಯೊಳಗೆ ಕಳಿಸಬಾರದಿತ್ತಾ?”

“ಕಟ್ಟಳೆ ಬಿಡಲ್ಲ,” ಎಂದೆ. “ಹಿರಿಯರ ಕಟ್ಟಳೆ. ಮೆನಿಪ್ಪೊಸ್ ರೋಮಿಂದ ತಂದದ್ದು.”

ಆ ದಿನ ಮೊದಲ ಸಲ ಅಮ್ಮಿಯಾ ನಕ್ಕಳು.

“ಒಂದು ಮಾತು,” ಪಾಪಿಯಾಸ್ ಅಂದ. “ಜೋಸಿಮೊಸ್ ಮುಂದಿನ ಮುಖ ಮಾತ್ರ ಓದೋದು. ಹಿಂದಿನದನ್ನ ಓದಿಸಿ ಅಂತ ಕೇಳಬಾರದು. ಅಧಿಪತಿಯ ಹೆಸರು, ಹುದ್ದೆ ಎಲ್ಲ ಓದಿದ ಮೇಲೆ ಅದೇ ಕಲ್ಲಿಗೆ ಇನ್ನೊಬ್ಬನ ಹೆಸರು ಅಂದ್ರೆ ಚೆನ್ನಾಗಿರಲ್ಲ.”

ನಗು ಹೋಯಿತು. ಓದಿಸದ ಹೆಸರು ಎಂದರೇನು ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ಅವಳು ಮಗ್ಗದಿಂದ ಒರಟಾದ ತನ್ನ ಬೆರಳುಗಳನ್ನು ನೋಡಿಕೊಂಡಳು.

“ಕೇಳಲ್ಲ,” ಅಂದಳು. “ಉಳಿ ಇಡದೆ ಇದ್ರೆ ಸಾಕು.”

ಎತ್ತಿನ ಜೋಡಿ, ಹಗ್ಗ, ಸನ್ನೆಕೋಲು ಬಂದವು. ಮೂರ್ತಿಯನ್ನು ಒಣಹುಲ್ಲಿನ ಮೇಲೆ ಅಂಗಾತ ಮಲಗಿಸಿದರು. ಅಜ್ಜ ಗಡ್ಡ ಮೇಲೆ ಮಾಡಿಕೊಂಡು ಆಕಾಶ ನೋಡುತ್ತ ಮಲಗಿದ್ದ, ಊಟವಾದ ಮೇಲೆ ಮಲಗುವವರ ಹಾಗೆ. ಪೀಠವನ್ನು ತಿರುಗಿಸಿ, ಹೊಸ ಮುಖವನ್ನು ನಯ ಮಾಡಿ, ದೊಡ್ಡ ಅಕ್ಷರದಲ್ಲಿ ಕೊರೆದರು. ‘ಜನರು ಲೂಸಿಯಸ್ ಪೆಟಿಡಿಯಸ್ ರೂಫಸನನ್ನು, ಅಧಿಪತಿಯನ್ನು, ಊರಿನ ರಕ್ಷಕನನ್ನು, ಉಪಕಾರಿಯನ್ನು...’ ಗ್ರೀಕಿನಲ್ಲೇ. ರೋಮಿನವರಿಗೆ ಕೊಡುವ ಗೌರವವನ್ನು ನಾವು ನಮ್ಮ ಭಾಷೆಯಲ್ಲೇ ಕೊಡುತ್ತೇವೆ. ಅವರ ಭಾಷೆ ಬರುವವರು ನಮ್ಮೂರಲ್ಲಿ ಪಾಪಿಯಾಸನನ್ನು ಬಿಟ್ಟರೆ ಇಬ್ಬರೋ ಮೂವರೋ.

ಅಧಿಪತಿ ಬಂದ. ಸಣ್ಣ ಪ್ರಾಯದ, ನುಣ್ಣಗೆ ಬೋಳಿಸಿದ ಕೆನ್ನೆಯ ಮನುಷ್ಯ. ಗುಡಿಯಲ್ಲಿ ದೇವಿಗೆ ಧೂಪ ಹಾಕಿ ಸಾಲಿನ ಮುಂದೆ ಬಂದು, ತನ್ನ ಹೆಸರಿನ ಮೇಲೆ ನಿಂತಿದ್ದ ಮುದುಕನನ್ನು ತಲೆ ಎತ್ತಿ ನೋಡಿದ.

“ಗಡ್ಡ?” ಅಂದ. ಅವನ ಗ್ರೀಕು ನಮ್ಮದಕ್ಕಿಂತ ಶುದ್ಧವಾಗಿತ್ತು. ಅಥೆನ್ಸಿನಲ್ಲಿ ಓದಿದವನಂತೆ.

“ತಮ್ಮನ್ನ ತತ್ವಜ್ಞಾನಿಯಾಗಿ ಕಂಡಿದೆ ನಮ್ಮ ಊರು,” ಅಂದ ಪಾಪಿಯಾಸ್, ಕಣ್ಣು ಮಿಟುಕಿಸದೆ.

ಫಿಲಿನೊಸ್ ಕೆಮ್ಮುತ್ತ ಕಂಬದ ಹಿಂದೆ ಹೋದ. ಅಧಿಪತಿ ಮಾತ್ರ ಸಂತೋಷಪಟ್ಟ ಹಾಗಿತ್ತು. ತಾನು ಓದಿದ ಊರಿನಲ್ಲಿ ಅಂಥ ಗಡ್ಡದವರನ್ನು ನೋಡಿದ್ದನೋ ಏನೋ. ಬೆರಳಿನಿಂದ ತನ್ನ ಹೆಸರಿನ ಅಕ್ಷರಗಳನ್ನು ಮುಟ್ಟಿದ. ಕಲ್ಲು ಸಮತಟ್ಟಾಗಿತ್ತು. ಪಾಪಿಯಾಸ್ ನನ್ನ ಕಡೆ ನೋಡಿದ. ನಾನು ಅಮ್ಮಿಯಾ ನಿಂತಿದ್ದ ಕಡೆ ನೋಡಿದೆ.

ನೀರಿನ ತೀರ್ಪು ಪೂರ್ತಿ ನಮ್ಮ ಕಡೆ ಆಗಲಿಲ್ಲ. ಬೇಸಿಗೆಯಲ್ಲಿ ನಮಗೆ, ಚಳಿಗಾಲದಲ್ಲಿ ಅವರಿಗೆ. ಬೇಸಿಗೆಯ ನೀರೇ ನೀರು, ಆದ್ದರಿಂದ ನಾವು ಗೆದ್ದೆವು ಎಂದು ಹೇಳಿಕೊಂಡೆವು.

ಹಬ್ಬದ ದಿನ ನಾನು ಬಿಳಿ ಉಡುಪಿನಲ್ಲಿ ಸ್ತುತಿಯವರ ಜೊತೆ ನಿಂತಿದ್ದೆ. ಜೋಸಿಮೊಸ್ ಆ ಕಲ್ಲಿಗೆ ಬಂದ. ರೂಫಸನ ಹೆಸರು, ಅವನ ಅಪ್ಪನ ಹೆಸರು, ಅವನು ಹಿಡಿದ ಹುದ್ದೆಗಳು, ಎಲ್ಲವನ್ನೂ ಓದಿದ. ಊರಿನ ಪರವಾಗಿ ಪಾಪಿಯಾಸ್ ಮಾಲೆ ಹಾಕಿದ. ಈಗ ನಾವು ಪದ್ಯ ಎತ್ತಬೇಕು. ನಮ್ಮ ಮೇಳದ ಹಿರಿಯ ಉಸಿರು ಎಳೆದುಕೊಂಡ. ಅಷ್ಟರಲ್ಲಿ ಗೋಡೆಯ ಕಡೆಯಿಂದ ದನಿ ಬಂತು.

ಕೂಗಿದ ದನಿಯಲ್ಲ. ಮನೆಯಲ್ಲಿ ಮಾತಾಡುವಷ್ಟೇ ಗಟ್ಟಿ.

“ಜನರು ಮೆನಿಪ್ಪೊಸನನ್ನು, ಯಾಸೊನನ ಮಗನನ್ನು, ಚಳಿಗಾಲದ ಕಡಲು ದಾಟಿ...”

ಅಮ್ಮಿಯಾ ಸಂದಿನಲ್ಲಿದ್ದಳು. ಕಾಣುತ್ತಿರಲಿಲ್ಲ. ಅಂಗಳದ ಮುಂದಿನವರಿಗೆ ಮಾತ್ರ ಕೇಳಿರಬೇಕು, ಹಿಂದಿನವರು ಏಕೆ ತಡ ಎಂದು ಕತ್ತು ಚಾಚುತ್ತಿದ್ದರು. ಪಾಪಿಯಾಸ್ ಪಾದರಕ್ಷೆಯ ಪಟ್ಟಿಯನ್ನು ಬಿಗಿ ಮಾಡಲು ಬಗ್ಗಿದ, ಬಗ್ಗಿಯೇ ಇದ್ದ. ಜೋಸಿಮೊಸ್ ಬಾಯಿಗೆ ಕೈ ಅಡ್ಡ ಹಿಡಿದು ಗಂಟಲು ಸರಿಮಾಡಿಕೊಂಡ. ಓದುವವನಿಗೆ ಗಂಟಲು ಸರಿಮಾಡಿಕೊಳ್ಳುವ ಹಕ್ಕಿದೆ. ಅವಳು ಕೊನೆಯ ಮಾತಿಗೆ ಬರುವವರೆಗೂ ಸರಿಮಾಡಿಕೊಳ್ಳುತ್ತಲೇ ಇದ್ದ.

‘ಗೌರವಿಸಿದರು’ ಎಂದು ಮುಗಿಸಿದಳು. ಆಮೇಲೆ ನೀರು ಕಲ್ಲಿಗೆ ಬೀಳುವ ಸದ್ದು, ಅದರ ಜೊತೆ ಅಜ್ಜಿಯ ಆ ಎರಡು ಉಚ್ಚಾರದ ಮಾತು. ಅದನ್ನು ಕೇಳಿಸಿಕೊಂಡವನು ನಾನೊಬ್ಬನೇ ಇರಬೇಕು. ನಮ್ಮ ಹಿರಿಯ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಪದ್ಯ ಎತ್ತಿದೆವು.

ಮುಂದಿನ ಹಬ್ಬಗಳಲ್ಲೂ ಜೋಸಿಮೊಸನ ಗಂಟಲು ಅದೇ ಕಲ್ಲಿನ ಹತ್ತಿರ ಕೆಡುತ್ತಿತ್ತು. ಅವನ ಜಾಗಕ್ಕೆ ಬಂದವನು ಅದನ್ನು ಕಟ್ಟಳೆ ಅಂದುಕೊಂಡು ತಾನೂ ಕೆಮ್ಮತೊಡಗಿದ.

ರೂಫಸನ ಹೆಸರು ಬಹಳ ಕಾಲ ಉಳಿಯಲಿಲ್ಲ. ಇನ್ನೊಬ್ಬ ಅಧಿಪತಿ ಬರುವಾಗ ಮತ್ತೆ ಸಮಯವಿರಲಿಲ್ಲ, ಖಜಾನೆಯಲ್ಲಿ ಮತ್ತೆ ಗಾಳಿ. ಆ ಹೊತ್ತಿಗೆ ಪಾಪಿಯಾಸ್ ಇರಲಿಲ್ಲ, ಅಮ್ಮಿಯಾಳ ಮಾತು ಯಾರಿಗೂ ನೆನಪಿರಲಿಲ್ಲ. ಅದೇ ಮುಖದ ಮೇಲೆ ಉಳಿ ಇಟ್ಟರು. ಅವನಾದ ಮೇಲೆ ಇನ್ನೊಬ್ಬನಿಗೆ ಇನ್ನೊಮ್ಮೆ. ಈಗ ಅಂಗಳದ ಕಡೆಯ ತಗ್ಗಿನಲ್ಲಿ ಗುಬ್ಬಿಗಳು ಮಳೆ ನೀರು ಕುಡಿಯುತ್ತವೆ. ಗೋಡೆಯ ಕಡೆ ಮುಟ್ಟಲು ಯಾರಿಗೂ ಕಾರಣವಿಲ್ಲ.

ಅಮ್ಮಿಯಾ ಹೋಗಿ ಕೆಲವು ವರ್ಷಗಳಾದವು. ನಾನು ಸ್ತುತಿಯವರ ಸಾಲಿನಿಂದ ಬಿಡಿಸಿಕೊಂಡೆ, ದನಿ ಬಿದ್ದಿದೆ. ಹಬ್ಬದ ದಿನ ಆ ಕಲ್ಲಿನ ಸರದಿಗೆ ಮುಂಚೆ ಆಲಿವ್ ಮಾಲೆ, ತಂಬಿಗೆ ಹಿಡಿದು, ಹೊಟ್ಟೆ ಒಳಗೆಳೆದುಕೊಂಡು ಸಂದಿನೊಳಗೆ ಹೋಗುತ್ತೇನೆ. ಅಲ್ಲಿ ಓದುವಷ್ಟು ಬೆಳಕಿಲ್ಲ, ನನಗೆ ಬೇಕಾಗಿಯೂ ಇಲ್ಲ. ಸಾರುವವನು ಕೆಮ್ಮುತ್ತಾನೆ. ಮೊದಲ ನೀರನ್ನು ತಗ್ಗಿಗೆ ಹಾಕಿ, ಅಜ್ಜಿಯ ಮಾತು ಹೇಳಿ, ಆಮೇಲೆ ಮೆನಿಪ್ಪೊಸನದನ್ನು ಹೇಳುತ್ತೇನೆ. ಈಗ ಅದರ ಕೊನೆಗೆ ‘ಅಮ್ಮಿಯಾಳನ್ನೂ’ ಎಂದು ಸೇರಿಸುತ್ತೇನೆ. ಕಲ್ಲಿನಲ್ಲಿ ಅದು ಇಲ್ಲ.